ಮೊದಲ ಡಿಸ್ಕ್ ಸುಟ್ಟವರು: ಎಮಿಲ್ ಬರ್ಲಿನರ್

ಕಳೆದ ಸೆಮಿಸ್ಟರ್‌ನಲ್ಲಿ ರಾಜ್ಯೋತ್ಸವದ ಹಾಡುಗಳನ್ನು ಸಿಡಿಗೆ ಹಾಕಿ ಹಂಚೋಣ ಅಂತ ಹಾಸ್ಟೆಲ್ ರೂಮಲ್ಲಿ ಕೂತೆವು. ರೈಟರ್ ಮೇಲೆ 52ಎಕ್ಸ್ ಅಂತ ದಪ್ಪಕ್ಷರದಲ್ಲಿದೆ, ಆದರೆ ಒಂದೊಂದು ಸಿಡಿ ಅರ್ಧ ಗಂಟೆ ತಿಂತಿತ್ತು. ಖಾಲಿ ಸಿಡಿ ಬದಲಾಯಿಸಿದ್ದಾಯ್ತು, ಸಾಫ್ಟ್‌ವೇರ್ ಬದಲಾಯಿಸಿದ್ದಾಯ್ತು, ರೈಟರನ್ನು ಬೈದಿದ್ದೂ ಆಯ್ತು. ಕೊನೆಗೆ ನೋಡಿದರೆ ಡ್ರೈವ್ ಇದ್ದ ಐಡಿಇ ಚಾನೆಲ್, ಡಿಎಂಎ ಬಿಟ್ಟು ಪಿಐಒ ಮೋಡ್‌ಗೆ ಇಳಿದಿತ್ತು. ಯಾವುದೋ ಗೀರು ಬಿದ್ದ ಸಿಡಿ ಓದುವಾಗ ಎರರ್ ಮೇಲೆ ಎರರ್ ಬಂದು ಸಿಸ್ಟಮ್ಮೇ ಹಾಗೆ ಇಳಿಸಿಕೊಂಡಿತ್ತು. ಡೇಟಾವನ್ನೆಲ್ಲ ಪ್ರೊಸೆಸರ್ರೇ ಹೊತ್ತು ಹಾಕಬೇಕು, ಬಫರ್ ಖಾಲಿಯಾಗುತ್ತೆ, ಲೇಸರ್ ನಿಂತು ನಿಂತು ಬರೆಯುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಚಾನೆಲ್ ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಎಲ್ಲ ಸರಿ. ಡಿಸ್ಕಿಗೂ ರೈಟರಿಗೂ ಏನೂ ಆಗಿರಲಿಲ್ಲ, ತೊಂದರೆ ಇದ್ದದ್ದು ನಡುವಿನ ದಾರಿಯಲ್ಲಿ.

ಡಿಸ್ಕನ್ನೇ ಕಂಡುಹಿಡಿದ ಮನುಷ್ಯನ ಬದುಕು ಓದಿದಾಗ ನಮಗೆ ಈ ರಾತ್ರಿ ನೆನಪಾಯ್ತು.

ಎಮಿಲ್ ಬರ್ಲಿನರ್ ಹುಟ್ಟಿದ್ದು 1851ರಲ್ಲಿ, ಜರ್ಮನಿಯ ಹ್ಯಾನೋವರ್‌ನಲ್ಲಿ. 1870ರಲ್ಲಿ ಅಮೆರಿಕಕ್ಕೆ ಹೋಗಿ ಅಂಗಡಿಯಲ್ಲಿ ಗುಮಾಸ್ತಗಿರಿ ಮಾಡಿದರು. ನಮ್ಮ ಹಾಗೆ ನಾಲ್ಕು ವರ್ಷದ ಡಿಗ್ರಿ ಅವರಿಗೆ ಸಿಗಲಿಲ್ಲ. ನ್ಯೂಯಾರ್ಕ್‌ನ ಕೂಪರ್ ಇನ್‌ಸ್ಟಿಟ್ಯೂಟ್‌ನಲ್ಲಿ ಹಗಲು ಕೆಲಸ ಮುಗಿಸಿ ಓದಿಕೊಂಡದ್ದೇ ಓದು. ಟೆಲಿಗ್ರಾಫ್ ಕೀಲಿಯನ್ನು ಗಟ್ಟಿಯಾಗಿ ಒತ್ತಿದರೆ ಕರೆಂಟ್ ಹೆಚ್ಚು ಹರಿಯುತ್ತೆ ಎಂಬ ಮಾತು ಒಬ್ಬ ಆಪರೇಟರ್‌ನಿಂದ ಕಿವಿಗೆ ಬಿತ್ತು. ಒತ್ತಡ ಬದಲಾದರೆ ಕರೆಂಟ್ ಬದಲಾಗುತ್ತೆ ಅನ್ನೋದಾದರೆ, ದನಿಯಿಂದಲೇ ಒತ್ತಬಾರದೇಕೆ? 1877ರಲ್ಲಿ ಹೀಗೆ ಅವರ ಮೈಕ್ರೊಫೋನ್ ಹುಟ್ಟಿತು. ಬೆಲ್ ಕಂಪನಿ ಅದರ ಹಕ್ಕು ಕೊಂಡುಕೊಂಡಿತು.

ಅದೇ 1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದ್ದರು. ಅದರಲ್ಲಿ ದನಿ ಕೂರುತ್ತಿದ್ದದ್ದು ಸಿಲಿಂಡರ್ ಮೇಲೆ. ಆದರೆ ಒಂದರಿಂದ ಸಾವಿರ ಪ್ರತಿ ತೆಗೆಯೋದು ಹೇಗೆ? ಬರ್ಲಿನರ್ ಚಪ್ಪಟೆ ತಟ್ಟೆ ಹಿಡಿದರು. ಸತುವಿನ ತಟ್ಟೆಗೆ ಜೇನುಮೇಣದ ತೆಳು ಲೇಪ. ದನಿಗೆ ಅಕ್ಕಪಕ್ಕ ನಡುಗುವ ಮುಳ್ಳು ಆ ಮೇಣ ಗೀರುತ್ತೆ. ಆಮೇಲೆ ತಟ್ಟೆಯನ್ನು ಕ್ರೋಮಿಕ್ ಆಸಿಡ್‌ನಲ್ಲಿ ಮುಳುಗಿಸಿದರೆ, ಗೀರಿದ ಕಡೆ ಮಾತ್ರ ಲೋಹ ಸುಟ್ಟು ಗಾಡಿ ಬೀಳುತ್ತೆ. ಅದರಿಂದ ಅಚ್ಚು ತೆಗೆದು ಎಷ್ಟು ಬೇಕೋ ಅಷ್ಟು ಪ್ರತಿ ಒತ್ತಬಹುದು. ಗ್ರಾಮೊಫೋನ್ ಪೇಟೆಂಟ್ ಸಿಕ್ಕಿದ್ದು 1887ರ ನವೆಂಬರ್ 8ಕ್ಕೆ. ಪ್ರತಿ ಒತ್ತಲು ಮೊದಲು ಗಟ್ಟಿ ರಬ್ಬರ್ ಬಳಸಿದರು, ಅದು ಸರಿಹೋಗಲಿಲ್ಲ. ಕೊನೆಗೆ ಕೈಹಿಡಿದದ್ದು ಶೆಲ್ಯಾಕ್, ಅಂದರೆ ನಮ್ಮ ದೇಶದ ಕಾಡುಗಳಿಂದಲೂ ಹೋಗುವ ಅರಗು.

ಡಿಸ್ಕ್ ಚೆನ್ನಾಗಿತ್ತು, ಆದರೂ ಹಾಡು ಕೆಡುತ್ತಿತ್ತು. ಯಾಕಂದರೆ ಯಂತ್ರವನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಕೈ ಸೋತರೆ ಗಾಯಕನ ದನಿ ಇಳಿಯುತ್ತೆ, ಜೋರು ಮಾಡಿದರೆ ಕೀಚಲು. ಇದು ಡಿಸ್ಕಿನ ದೋಷವಲ್ಲ ಅಂತ ಗೊತ್ತಾದ ಮೇಲೆ, ಕ್ಯಾಮ್ಡೆನ್ ಊರಿನ ಮೆಕ್ಯಾನಿಕ್ ಎಲ್ಡ್ರಿಜ್ ಜಾನ್ಸನ್ 1896ರಲ್ಲಿ ಒಂದೇ ವೇಗದಲ್ಲಿ ಸುತ್ತುವ ಸ್ಪ್ರಿಂಗ್ ಮೋಟರ್ ಮಾಡಿಕೊಟ್ಟರು. ಅಲ್ಲಿಂದ ಗ್ರಾಮೊಫೋನ್ ಮನೆಮನೆಗೆ ಹೋಯಿತು. ಬರ್ಲಿನರ್ ಜೊತೆ ಕೆಲಸ ಕಲಿತ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಿಸಿದರು.

ಬರ್ಲಿನರ್‌ಗೆ ಮಾತ್ರ ಅಷ್ಟು ಸುಖ ಸಿಗಲಿಲ್ಲ. ಮಾರಾಟದ ಪಾಲುದಾರರೊಂದಿಗೆ ಜಗಳವಾಗಿ 1900ರಲ್ಲಿ ಕೋರ್ಟಿನ ತಡೆಯಾಜ್ಞೆ ಬಂತು. ತಾವೇ ಕಂಡುಹಿಡಿದ ಯಂತ್ರವನ್ನು ಅಮೆರಿಕದಲ್ಲಿ ಮಾರುವಂತಿಲ್ಲ! ಅವರು ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯವಹಾರ ಮುಂದುವರಿಸಿದರು. ಮಗಳು ಕಾಯಿಲೆ ಬಿದ್ದ ಮೇಲೆ, ಮಕ್ಕಳಿಗೆ ಕೆಟ್ಟ ಹಾಲು ಕುಡಿಸಬಾರದು, ಹಾಲನ್ನು ಪಾಶ್ಚರೀಕರಿಸಬೇಕು ಅಂತ ವರ್ಷಗಟ್ಟಲೆ ಪ್ರಚಾರ ಮಾಡಿದರು. ಇಲ್ಲೂ ಅವರು ಹುಡುಕಿದ್ದು ತೊಂದರೆ ಎಲ್ಲಿಂದ ಬರ್ತಿದೆ ಅನ್ನೋದನ್ನೇ. 1929ರಲ್ಲಿ ವಾಷಿಂಗ್ಟನ್‌ನಲ್ಲಿ ತೀರಿಕೊಂಡರು.

ಜರ್ಮನಿಯಲ್ಲಿ ಆಟಿಕೆಯಾಗಿ ಮಾರಿದ ಅವರ ಮೊದಲ ಡಿಸ್ಕುಗಳ ಅಗಲ ಸುಮಾರು 12.5 ಸೆಂ.ಮೀ., ನಮ್ಮ ಸಿಡಿ 12 ಸೆಂ.ಮೀ. 1982ರಲ್ಲಿ ಮಾರಾಟಕ್ಕೆಂದು ಮೊದಲ ಸಿಡಿಗಳನ್ನು ಒತ್ತಿದ್ದು ಅವರು ಹುಟ್ಟಿದ ಹ್ಯಾನೋವರ್ ಪಕ್ಕದಲ್ಲೇ. ಇನ್ನೊಮ್ಮೆ ಬರ್ನಿಂಗ್ ನಿಧಾನವಾದರೆ ಡಿಸ್ಕನ್ನು ಬೈಯೋ ಮುಂಚೆ, ತಿರುಗಿಸೋ ಕೈ ಯಾವುದು ಅಂತ ನೋಡೋಣ.