ವಾಲಚಂದ ಹಿರಾಚಂದ: ಬೆಂಗಳೂರಿಗೆ ವಿಮಾನ ಕಾರ್ಖಾನೆ ತಂದ ಸೊಲ್ಲಾಪುರದ ಸಾಹಸಿ

ಸೊಲ್ಲಾಪುರವೆಂದರೆ ಕನ್ನಡಿಗರಿಗೆ ಶಿವಯೋಗಿ ಸಿದ್ಧರಾಮನ ಸೊನ್ನಲಿಗೆ. ಕೆರೆ ಕಟ್ಟಿಸಿದ ಆ ಶರಣನ ಊರಿನಲ್ಲಿ 1882ರ ನವೆಂಬರ್ 23ರಂದು ಒಂದು ಗುಜರಾತಿ ಜೈನ ವರ್ತಕ ಮನೆತನದಲ್ಲಿ ಹುಟ್ಟಿದ ಮಗುವೊಂದು, ಮುಂದೆ ಭಾರತದ ಮೊತ್ತಮೊದಲ ವಿಮಾನ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಹೂಡಿತು. ಅವರೇ ಸೇಠ್ ವಾಲಚಂದ ಹಿರಾಚಂದ ದೋಶಿಯವರು. ಅವರು ವೈಮಾನಿಕರಲ್ಲ, ಎಂಜಿನಿಯರರೂ ಅಲ್ಲ. ಕಾಲೇಜಿನ ಪದವಿಯನ್ನು ಕೂಡ ಮುಗಿಸಿದವರಲ್ಲ. ಆದರೂ ಇಂದು ನಮ್ಮ ದೇಶದಲ್ಲಿ ವಿಮಾನದ ಕೆಲಸವನ್ನು ನೆಚ್ಚಿ ಬದುಕುವ ಸಾವಿರಾರು ಕುಟುಂಬಗಳ ಅನ್ನದ ಹಿಂದೆ ಅವರ ಸಾಹಸವಿದೆ.

ಅವರ ಕತೆಯನ್ನು ಗಡಿನಾಡಿನ ಮನೆಗಳಲ್ಲಿ ನೆನೆಯಲು ಕಾರಣವುಂಟು. ಸೊಲ್ಲಾಪುರ ಜಿಲ್ಲೆಯ ನೆರೆಯಲ್ಲಿಯೇ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿದೆ. ಅಲ್ಲಿನ ಅಸಂಗಿಯಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕಾಸರಗೋಡಿನಲ್ಲಿ ಮರಾಠಿಯ ಜಾಗದಲ್ಲಿ ಮಲಯಾಳ. ಉಳಿದಂತೆ ಎರಡೂ ಕಡೆಯ ಪಾಡು ಒಂದೇ. ಅಂಥ ಊರಿನ ಮಗುವಿಗೆ ವಿಮಾನವೆಂದರೆ ತಲೆಯ ಮೇಲೆ ಹಾದುಹೋಗುವ ಒಂದು ಸದ್ದು ಮಾತ್ರ. ಅದರಲ್ಲಿ ತನಗೊಂದು ಉದ್ಯೋಗವಿದ್ದೀತೆಂದು ಅದು ನೆನೆಯುವುದಿಲ್ಲ. ನೆನೆದರೂ ಪೈಲಟ್ ಎಂಬ ಒಂದೇ ಪದ ಅದಕ್ಕೆ ಗೊತ್ತು. ತಂದೆಯ ಕೈಯಲ್ಲಿ ಅಷ್ಟು ಹಣವಿಲ್ಲವೆಂದು ತಿಳಿದೊಡನೆ ಆ ಆಸೆಯೂ ಅಲ್ಲಿಗೇ ಮುಗಿಯುತ್ತದೆ. ವಾಲಚಂದರ ಬಾಳನ್ನು ನೋಡಿದರೆ ಈ ತಿಳಿವಳಿಕೆ ಎಷ್ಟು ಕಿರಿದೆಂಬುದು ಗೊತ್ತಾಗುತ್ತದೆ.

ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ವಾಲಚಂದರು ತಾಯಿಯನ್ನು ಕಳೆದುಕೊಂಡರು. 1899ರಲ್ಲಿ ಮೆಟ್ರಿಕ್ ಮುಗಿಸಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿಯೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ಓದಿದರು. ಓದು ಅರ್ಧಕ್ಕೆ ನಿಂತಿತು. ಮನೆತನದ ಲೇವಾದೇವಿ ಮತ್ತು ಹತ್ತಿಯ ವ್ಯಾಪಾರದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಹೀಗಿರಲು, ಹಿಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಬಲವಂತ ಫಾಟಕ್ ಎಂಬವರ ಜೊತೆ ಸೇರಿ, 1903ರಲ್ಲಿ ಬಾರ್ಶಿ ಲೈಟ್ ರೈಲ್ವೆಯ ಗುತ್ತಿಗೆ ಕೆಲಸವನ್ನು ಹಿಡಿದರು. ಒಬ್ಬರದು ಕೆಲಸದ ತಿಳಿವಳಿಕೆ, ಇನ್ನೊಬ್ಬರದು ಬಂಡವಾಳ ಮತ್ತು ಧೈರ್ಯ. ಮುಂದೆ ಭೋರ್ ಘಾಟಿನ ರೈಲು ಸುರಂಗಗಳು, ತಾನ್ಸಾ ಕೆರೆಯಿಂದ ಮುಂಬಯಿಗೆ ನೀರು ತರುವ ಕೊಳವೆಗಳು ಮೊದಲಾದ ದೊಡ್ಡ ಕಾಮಗಾರಿಗಳು ಅವರ ಪಾಲಿಗೆ ಬಂದವು. 1926ರಲ್ಲಿ ಹಿಂದೂಸ್ಥಾನ್ ಕನ್‌ಸ್ಟ್ರಕ್ಷನ್ ಕಂಪನಿ ಹುಟ್ಟಿತು.

ನೆಲದಿಂದ ಅವರ ಕಣ್ಣು ಕಡಲಿನತ್ತ ಹೊರಳಿತು. ಆ ಕಾಲಕ್ಕೆ ಭಾರತದ ಸಮುದ್ರ ವ್ಯಾಪಾರವೆಲ್ಲ ಆಂಗ್ಲರ ಹಡಗು ಕಂಪನಿಗಳ ಹಿಡಿತದಲ್ಲಿತ್ತು. ವಾಲಚಂದರು ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಕಟ್ಟಿ, ಗ್ವಾಲಿಯರ್ ಮಹಾರಾಜರಿಂದ ಲಾಯಲ್ಟಿ ಎಂಬ ಹಡಗನ್ನು ಕೊಂಡರು. 1919ರ ಏಪ್ರಿಲ್ 5ರಂದು ಅದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸಲಾಗುತ್ತಿದೆ. ಆಂಗ್ಲ ಕಂಪನಿಗಳು ಸಾಗಣೆಯ ದರವನ್ನು ಇಳಿಸಿ ಹೊಸ ಕಂಪನಿಯನ್ನು ಮುಳುಗಿಸಲು ನೋಡಿದವು, ಅದು ಮುಳುಗಲಿಲ್ಲ. 1941ರ ಜೂನ್‌ನಲ್ಲಿ ವಿಶಾಖಪಟ್ಟಣದ ಹಡಗು ಕಾರ್ಖಾನೆಗೆ ಬಾಬು ರಾಜೇಂದ್ರ ಪ್ರಸಾದರು ಶಂಕುಸ್ಥಾಪನೆ ಮಾಡಿದರು. ಅಲ್ಲಿ ತಯಾರಾದ ಜಲ ಉಷಾ ಎಂಬ ಹಡಗನ್ನು 1948ರಲ್ಲಿ ನೆಹರೂರವರು ನೀರಿಗಿಳಿಸಿದರು.

ಇನ್ನು ಆಕಾಶದ ಕತೆ. 1939ರಲ್ಲಿ ಮೋಟಾರು ಕಾರಿನ ಕಾರ್ಖಾನೆಯ ವಿಷಯವಾಗಿ ವಾಲಚಂದರು ಅಮೆರಿಕೆಗೆ ಹೋಗಿದ್ದರು. ಶಾಂತಸಾಗರವನ್ನು ದಾಟುವ ವಿಮಾನ ಪ್ರಯಾಣದಲ್ಲಿ ಅವರಿಗೆ ವಿಲಿಯಂ ಪಾವ್ಲಿ ಎಂಬ ಅಮೆರಿಕನ್ನನ ಪರಿಚಯವಾಯಿತು. ಪಾವ್ಲಿ ಚೀನಾದೇಶದಲ್ಲಿ ವಿಮಾನಗಳನ್ನು ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ. ಚೀನಾದಲ್ಲಿ ಸಾಧ್ಯವಾದದ್ದು ಭಾರತದಲ್ಲೇಕೆ ಆಗದು ಎಂಬ ಯೋಚನೆ ವಾಲಚಂದರ ತಲೆಯಲ್ಲಿ ಹೊಕ್ಕಿತು. ಎರಡನೆಯ ಮಹಾಯುದ್ಧ ಆಗಲೇ ಆರಂಭವಾಗಿತ್ತು. ದಿಲ್ಲಿಯ ಬ್ರಿಟಿಷ್ ಸರಕಾರ ಮೊದಮೊದಲು ಹಿಂದೇಟು ಹಾಕಿತು. ಕೈ ಹಿಡಿದದ್ದು ಮೈಸೂರು ಸಂಸ್ಥಾನ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಬೆಂಗಳೂರಿನ ಹೊರವಲಯದಲ್ಲಿ ನೆಲವನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಒದಗಿಸಿದರು. ವಿದ್ಯುತ್ತು, ಹಿತವಾದ ಹವೆ, ಊರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆ, ಎಲ್ಲವೂ ಕೂಡಿಬಂದವು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು.

ಎಂಟೇ ತಿಂಗಳಲ್ಲಿ, 1941ರ ಆಗಸ್ಟಿನಲ್ಲಿ, ಅಲ್ಲಿ ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನ ಹಾರಿತು. ಮರುವರ್ಷ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವೂ ಮೇಲೇರಿತು. ಆದರೆ ಅಷ್ಟರಲ್ಲಿ ಕಾರ್ಖಾನೆ ವಾಲಚಂದರ ಕೈಯಲ್ಲಿ ಉಳಿದಿರಲಿಲ್ಲ. 1941ರಲ್ಲಿಯೇ ಭಾರತ ಸರಕಾರ ಮೂರನೆಯ ಒಂದು ಪಾಲಿಗೆ ಸೇರಿತ್ತು. ಜಪಾನೀಯರು ಬರ್ಮಾವನ್ನು ನುಂಗುತ್ತ ಬಂದಾಗ, 1942ರ ಏಪ್ರಿಲ್‌ನಲ್ಲಿ ಸರಕಾರ ವಾಲಚಂದರ ಪಾಲನ್ನು ಕೊಂಡು ಆಡಳಿತವನ್ನು ತಾನೇ ವಹಿಸಿಕೊಂಡಿತು. ಹುಟ್ಟಿಸಿದ ತಂದೆಗೆ ಮಗುವನ್ನು ಒಂದೂವರೆ ವರ್ಷವೂ ಸಾಕುವ ಭಾಗ್ಯವಿರಲಿಲ್ಲ. ಯುದ್ಧದ ಮುಂದಿನ ವರ್ಷಗಳಲ್ಲಿ ಅಮೆರಿಕದ ವಾಯುಸೇನೆ ತನ್ನ ವಿಮಾನಗಳ ದುರಸ್ತಿಗೆ ಇದೇ ಕಾರ್ಖಾನೆಯನ್ನು ಬಳಸಿತು.

ವಾಲಚಂದರು ಎದೆಗುಂದಿ ಕೂತುಕೊಳ್ಳಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಒಂದು ಕಾಲಕ್ಕೆ ರಸ್ತೆಯ ತುಂಬ ಕಾಣುತ್ತಿದ್ದ ಪದ್ಮಿನಿ ಕಾರು ಇದರದೇ ಕೂಸು. ಅವರ ಹಡಗು ಕಂಪನಿಯು ಏರ್ ಸರ್ವೀಸಸ್ ಆಫ್ ಇಂಡಿಯಾ ಎಂಬ ವಿಮಾನ ಸಾರಿಗೆ ಸಂಸ್ಥೆಯನ್ನೂ ನಡೆಸಿತು. 1949ರಲ್ಲಿ ಪಾರ್ಶ್ವವಾಯು ಬಡಿಯಿತು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಅವರ ವಿಮಾನ ಸಾರಿಗೆ ಸಂಸ್ಥೆಯೂ ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋಯಿತು.

ಒಡೆತನ ಹೋದರೂ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. ಬೆಂಗಳೂರಿನ ಆ ಶೆಡ್ಡುಗಳಿಗೆ ಹಾರಿಸುವವರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಬೇಕಾದವರು ಫಿಟ್ಟರುಗಳು, ಟರ್ನರುಗಳು, ತಗಡಿನ ಕೆಲಸದವರು, ರಿವೆಟ್ ಹೊಡೆಯುವವರು, ನಕ್ಷೆ ಬರೆಯುವವರು, ಉಪಕರಣ ಪರೀಕ್ಷಿಸುವವರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಹುಟ್ಟಿತು. ಜರ್ಮನಿಯಲ್ಲಿ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿಯ ಬಳಿ ಕಲಿತುಬಂದಿದ್ದ ಡಾಕ್ಟರ್ ವಿ. ಎಂ. ಘಾಟಗೆಯವರು ಅಲ್ಲಿ ಪಾಠ ಹೇಳಿದರು. ಅವರ ಮುಂದಾಳುತನದಲ್ಲಿ ನಮ್ಮವರೇ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. 1964ರಲ್ಲಿ ಕಾರ್ಖಾನೆ ಹಿಂದೂಸ್ಥಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್ ಎಂಬ ಈಗಿನ ಹೆಸರನ್ನು ಪಡೆಯಿತು. ಒಂದು ವಿಮಾನ ಮೇಲೇರಲು ಎಷ್ಟು ಬಗೆಯ ಕೈಗಳು ಬೇಕೋ ಅಷ್ಟು ಬಗೆಯ ಉದ್ಯೋಗಗಳಿವೆ ಎಂಬುದನ್ನು ಈ ಕಾರ್ಖಾನೆಯ ಚರಿತ್ರೆಯೇ ಹೇಳುತ್ತದೆ.

ಇಂದಿನ ನಮ್ಮ ಮಕ್ಕಳು ಈ ಬಾಗಿಲುಗಳನ್ನು ತಟ್ಟುವುದು ಹೇಗೆ?

ಎಲ್ಲಕ್ಕಿಂತ ಹತ್ತಿರದ ದಾರಿ ಐಟಿಐಯದು. ಹತ್ತನೆಯ ತರಗತಿಯ ನಂತರ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಮೊದಲಾದ ಕಸಬುಗಳನ್ನು ಕಲಿತವರನ್ನು ಎಚ್‌ಎಎಲ್ ಅಪ್ರೆಂಟಿಸರಾಗಿ ತೆಗೆದುಕೊಳ್ಳುತ್ತದೆ. ಬಡವರ ಮಗುವಿಗೆ ಇದು ಸಾಲವಿಲ್ಲದ ದಾರಿ.

ಎರಡನೆಯದು ವಿಮಾನ ನಿರ್ವಹಣೆಯ ಎಂಜಿನಿಯರರದು. ಹನ್ನೆರಡನೆಯ ತರಗತಿಯಲ್ಲಿ ಭೌತ, ರಸಾಯನ, ಗಣಿತ ಓದಿದವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮನ್ನಣೆ ಪಡೆದ ಶಾಲೆಯಲ್ಲಿ ಕಲಿತು, ಪರೀಕ್ಷೆ ಹಾಗೂ ಕೆಲಸದ ಅನುಭವ ಮುಗಿಸಿ ಲೈಸೆನ್ಸ್ ಪಡೆಯಬೇಕು. ಇವರ ಸಹಿಯಿಲ್ಲದೆ ದುರಸ್ತಿಯಾದ ವಿಮಾನ ನೆಲ ಬಿಡುವಂತಿಲ್ಲ. ಮೂರನೆಯದು ವಿಮಾನ ಸಂಚಾರ ನಿಯಂತ್ರಕರ ಹುದ್ದೆ. ಭೌತಶಾಸ್ತ್ರ ಮತ್ತು ಗಣಿತವಿರುವ ಬಿ.ಎಸ್‌ಸಿ. ಅಥವಾ ಎಂಜಿನಿಯರಿಂಗ್ ಪದವಿ ಪಡೆದವರನ್ನು ವಿಮಾನ ನಿಲ್ದಾಣ ಪ್ರಾಧಿಕಾರವು ಪರೀಕ್ಷೆಯ ಮೂಲಕ ಆರಿಸುತ್ತದೆ. ವಿಮಾನದ ವಿನ್ಯಾಸದಲ್ಲಿ ಮನಸ್ಸುಳ್ಳವರಿಗೆ ವೈಮಾನಿಕ ಎಂಜಿನಿಯರಿಂಗ್ ಇದೆ. ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಓದಿದವರಿಗೂ ಅಲ್ಲಿ ಕೆಲಸವಿದೆ. ಸಾಂಗ್ಲಿಯಲ್ಲಿ 1947ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜಿಗೆ ಇಂದು ವಾಲಚಂದರದೇ ಹೆಸರು. ಅಸಂಗಿಯ ಮಗುವಿಗೆ ಅದು ತನ್ನ ಜಿಲ್ಲೆಯ ಕಾಲೇಜು.

ಪೈಲಟ್ ಆಗುವುದಕ್ಕೆ ವೈದ್ಯಕೀಯ ಪರೀಕ್ಷೆಯನ್ನು ಮೊದಲು ಮಾಡಿಸಿಕೊಳ್ಳುವುದು ಲೇಸು. ಹಣ ಕಟ್ಟಿದ ಮೇಲೆ ದೇಹದ ದೋಷ ತಿಳಿದರೆ ಪ್ರಯೋಜನವಿಲ್ಲ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟವಾಗಿರಬೇಕು. ಖರ್ಚು ಹಲವು ಹತ್ತು ಲಕ್ಷ ರೂಪಾಯಿಗಳವರೆಗೆ ಹೋಗುತ್ತದೆ. ಆ ಶಕ್ತಿಯಿಲ್ಲದವರು ಎನ್‌ಡಿಎ ಪರೀಕ್ಷೆಯ ಮೂಲಕ ವಾಯುಸೇನೆಯನ್ನು ಸೇರಬಹುದು. ಅಲ್ಲಿ ತರಬೇತಿಯ ವೆಚ್ಚ ಸರಕಾರದ್ದು.

ಕನ್ನಡ ಮಾಧ್ಯಮ ಇದಕ್ಕೆಲ್ಲ ಅಡ್ಡಿಯೇ ಎಂದು ತಾಯ್ತಂದೆಯರು ಕೇಳುವುದುಂಟು. ಆಕಾಶದ ವ್ಯವಹಾರದಲ್ಲಿ ಇಂಗ್ಲಿಷ್ ತಪ್ಪದು, ಇದನ್ನು ಮುಚ್ಚಿಡಬಾರದು. ಆದರೆ ಈ ಎಲ್ಲ ದಾರಿಗಳಿಗೂ ಬುನಾದಿಯಾದ ಗಣಿತ ಮತ್ತು ವಿಜ್ಞಾನ ಮನೆಮಾತಿನಲ್ಲಿ ಮನಸ್ಸಿಗೆ ಚೆನ್ನಾಗಿ ನಾಟುತ್ತವೆ. ಎಂಟನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಶ್ರದ್ಧೆಯಿಂದ ಕಲಿಸಿದರೆ, ಕನ್ನಡವನ್ನು ಬಿಡದೆಯೇ ಈ ಹಾದಿ ಹಿಡಿಯಬಹುದು. ಹೆದರಬೇಕಾದದ್ದು ಕನ್ನಡಕ್ಕಲ್ಲ, ಏರ್‌ಪೋರ್ಟಿನಲ್ಲಿ ಕೆಲಸ ಖಾತ್ರಿ ಎಂದು ಮುಂಗಡ ಹಣ ಕೇಳುವ ದಲ್ಲಾಳಿಗಳಿಗೆ. ಯಾವ ಶಾಲೆಗೇ ಆಗಲಿ, ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ನೋಡದೆ ಹಣ ಕಟ್ಟಕೂಡದು.

ವಾಲಚಂದರು ಮೈಸೂರಿನ ನೆಲದಲ್ಲಿ ನೆಟ್ಟ ಸಸಿ ಇಂದು ಹಲವು ರಾಜ್ಯಗಳಲ್ಲಿ ಕೊಂಬೆ ಚಾಚಿದೆ. 2012ರಲ್ಲಿ ಅದರ ಒಂದು ಕೊಂಬೆ ಕಾಸರಗೋಡಿನ ಸೀತಾಂಗೋಳಿಗೂ ಬಂತು. ಎಚ್‌ಎಎಲ್ ಸಂಸ್ಥೆಯ ಆ ಘಟಕ ವಿಮಾನದೊಳಗಿನ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಸಂಬಂಧಿಸಿದ್ದು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಮಕ್ಕಳು ದಿನವೂ ಆ ದಾರಿಯಲ್ಲಿ ಬಸ್ಸಿನಲ್ಲಿ ಹಾದುಹೋಗುತ್ತಾರೆ. ಅದರೊಳಗೆ ಏನು ಕೆಲಸ ನಡೆಯುತ್ತದೆ, ಅಲ್ಲಿ ದುಡಿಯುವವರು ಏನೇನು ಓದಿಕೊಂಡವರು ಎಂಬುದನ್ನು ಒಂದು ದಿನ ಅವರಿಗೆ ವಿವರಿಸಿ ಹೇಳುವ ಕೆಲಸ ಹಿರಿಯರದು.