ಲೈಸೆನ್ಸ್ ಕೊಡುತ್ತಿದ್ದ ಮನೆ ಜನರಲ್ ಸಾಹೇಬರದು!

ಮಡಿಕೇರಿಯಲ್ಲಿ ಗಾಡಿ ಲೈಸೆನ್ಸ್ ಮಾಡಿಸಿಕೊಂಡ ಹಳಬರನ್ನು ಕೇಳಿ ನೋಡಿ. ‘ಸನ್ನಿ ಸೈಡ್’ ಬಂಗಲೆಗೆ ಅಲೆದದ್ದು ಅವರಿಗೆ ನೆನಪಿದ್ದೀತು. ಸಾರಿಗೆ ಕಚೇರಿ ಬಹಳ ಕಾಲ ಇದ್ದದ್ದು ಅಲ್ಲೇ. ಆದರೆ ಕ್ಯೂ ನಿಂತವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ, ಅದು ಜನರಲ್ ಕೊಡಂದೇರ ತಿಮ್ಮಯ್ಯ ಬೆಳೆದ ಮನೆ ಅಂತ!

ಕೊಡಗಿನಲ್ಲಿ ಮನೆಗೊಬ್ಬ ಮಿಲಿಟರಿ ಮಾವ ಇದ್ದೇ ಇರುತ್ತಾರೆ. ರಜೆಗೆ ಬಂದರೆ ಟ್ರಂಕಿನ ಸುತ್ತ ಮಕ್ಕಳೆಲ್ಲ ಮುತ್ತಿಕೊಳ್ಳುತ್ತಾರೆ. ತಿಮ್ಮಯ್ಯ ಇಡೀ ಜಿಲ್ಲೆಗೇ ಅಂಥ ಮಾವ. ಹುಟ್ಟಿದ್ದು 1906ರ ಮಾರ್ಚ್ 31ರಂದು. ಮನೆಯವರಿಗೆ ದುಬ್ಬು, ಪಲ್ಟನ್ನಿನವರಿಗೆ ಟಿಮ್ಮಿ. ಕೂನೂರು, ಬೆಂಗಳೂರು, ಡೆಹ್ರಾಡೂನಿನಲ್ಲಿ ಓದಿ, ವಿಲಾಯಿತಿಯ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಾಗಿ 1926ರಲ್ಲಿ ಅಧಿಕಾರಿಯಾದರು.

ಆ ಮನೆಯ ಕಥೆ ವಿಚಿತ್ರ. ತಿಮ್ಮಯ್ಯ ಬ್ರಿಟಿಷರ ಸೈನ್ಯದಲ್ಲಿ ನಿಂತು ಬರ್ಮಾದಲ್ಲಿ ಜಪಾನೀಯರ ಮೇಲೆ ಹೋರಾಡಿದರು. ಎರಡನೇ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡ್ ನಡೆಸಿದ ಭಾರತೀಯ ಅವರೊಬ್ಬರೇ. ಅದೇ ಹೊತ್ತಿಗೆ ಅಣ್ಣ ಪೊನ್ನಪ್ಪ ನೇತಾಜಿಯ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಅಣ್ಣ ಆ ಕಡೆ, ತಮ್ಮ ಈ ಕಡೆ! ತಾಯಿಯ ಸಂಕಟ ಎಂಥದ್ದಿರಬೇಕು. ಕಿರಿಯ ತಮ್ಮ ಸೋಮಯ್ಯ ಮುಂದೆ ಕಾಶ್ಮೀರದ ಯುದ್ಧದಲ್ಲೇ ಪ್ರಾಣ ಬಿಟ್ಟರು.

ಅದೇ ಕಾಶ್ಮೀರ ತಿಮ್ಮಯ್ಯನವರಿಗೆ ಹೆಸರು ತಂದಿತು. 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಅವರ ಡಕೋಟಾದಲ್ಲಿ ಕೂತು ಲೇಹ್‌ಗೆ ಇಳಿದರು. ಹಿಂದೆ ಯಾರೂ ವಿಮಾನ ಇಳಿಸದ ಜಾಗ ಅದು. ಆದರೆ ವಿಮಾನದಲ್ಲಿ ಎಷ್ಟು ಜನರನ್ನು ಸಾಗಿಸಲಾದೀತು? ರಸ್ತೆ ಬಿಡಿಸಲೇಬೇಕು. ರಸ್ತೆಗೆ ಅಡ್ಡ ಜೋಜಿಲಾ ಕಣಿವೆ, 11 ಸಾವಿರ ಅಡಿಗೂ ಮೇಲೆ. ಶತ್ರು ಗುಡ್ಡದ ಗವಿಗಳಲ್ಲಿ ಕೂತು ಗುಂಡು ಹಾರಿಸುತ್ತಿದ್ದ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನುಗ್ಗಿ ನೋಡಿದರು, ಆಗಲಿಲ್ಲ. ಚಳಿಗಾಲ ಬಂತೆಂದರೆ ಲಡಾಖ್ ಕೈಬಿಟ್ಟ ಹಾಗೇ.

ತಿಮ್ಮಯ್ಯ ಟ್ಯಾಂಕು ಹತ್ತಿಸೋಣ ಎಂದು ಹೊರಟರು. ಅಷ್ಟು ಎತ್ತರದಲ್ಲಿ ಟ್ಯಾಂಕು ಕಾದಾಡಿದ್ದನ್ನು ಲೋಕದಲ್ಲಿ ಯಾರೂ ಕಂಡಿರಲಿಲ್ಲ. ಏಳನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ತೋಪಿನ ಗೋಪುರ ಬಿಚ್ಚಿ, ಬೇಹುಗಾರರ ಕಣ್ಣಿಗೆ ಬೀಳದಂತೆ ಶ್ರೀನಗರ ದಾಟಿಸಿದರು. ಕುದುರೆ ನಡೆಯುವ ದಾರಿಯನ್ನು ಅಗಲ ಮಾಡಿದವರು ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಹುಡುಗರು. ನವೆಂಬರ್ 1, ಹಿಮದ ನಡುವೆ ಟ್ಯಾಂಕುಗಳು ಗುರುಗುಟ್ಟಿದವು. ಜನರಲ್ ಸಾಹೇಬರೂ ಹಿಂದೆ ಉಳಿಯದೆ ಟ್ಯಾಂಕಿನಲ್ಲೇ ಮುಂದಿದ್ದರು. ಶತ್ರು ಕಂಗೆಟ್ಟು ಕಾಲಿಗೆ ಬುದ್ಧಿ ಹೇಳಿದ. ಆ ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್ ಕೈಗೆ ಬಂತು, ಲೇಹ್‌ಗೆ ದಾರಿ ತೆರೆಯಿತು.

1953ರಲ್ಲಿ ಕೊರಿಯಾಕ್ಕೆ ಹೋಗಿ, ಊರಿಗೆ ಮರಳಲು ಒಲ್ಲದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಪಂಚಾಯ್ತಿ ನಡೆಸಿದರು. 1957ರಲ್ಲಿ ಸೇನೆಯ ಮುಖ್ಯಸ್ಥರಾದರು. ಅಲ್ಲಿಂದ ಶುರು ತಾಪತ್ರಯ. ರಕ್ಷಣಾ ಮಂತ್ರಿ ಕೃಷ್ಣ ಮೆನನ್‌ಗೂ ಇವರಿಗೂ ಎಣ್ಣೆ ಸೀಗೆಕಾಯಿ. ಬಡ್ತಿಯಲ್ಲಿ ಮಂತ್ರಿ ಕೈಹಾಕುವುದು ಇವರಿಗೆ ಸೇರಲಿಲ್ಲ. 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಬರೆದರು. ನೆಹರೂ ಕರೆಸಿ ಸಮಾಧಾನ ಮಾಡಿದರು, ಇವರು ವಾಪಸು ತಗೊಂಡರು. ಆಮೇಲೆ ಪಾರ್ಲಿಮೆಂಟಿನಲ್ಲಿ ಅದೇ ನೆಹರೂ ಜನರಲ್ಲರದ್ದು ಸರಿಯಲ್ಲ ಎಂಬಂತೆ ಮಾತಾಡಿಬಿಟ್ಟರು.

ತಿಮ್ಮಯ್ಯ ಎಡವಿದ್ದೇ ಅಲ್ಲಿ, ಪಟ್ಟು ಬಿಡಬಾರದಿತ್ತು ಎನ್ನುವವರು ಈಗಲೂ ಇದ್ದಾರೆ. ಇರಬಹುದು. ಆದರೆ ಹಿಂದಿನ ವರ್ಷವಷ್ಟೇ ಪಾಕಿಸ್ತಾನದಲ್ಲಿ ಸೇನಾಪತಿ ಅಯೂಬ್ ಖಾನ್ ಗದ್ದುಗೆ ಏರಿ ಕೂತಿದ್ದ. ಅಂಥ ಹೊತ್ತಿನಲ್ಲಿ ನಮ್ಮ ದಂಡನಾಯಕ ಸರ್ಕಾರದ ಮಾತಿಗೆ ತಲೆಬಾಗಿದ್ದು ಸಣ್ಣ ಸಂಗತಿಯೇ? ಅವಮಾನ ನುಂಗಿಕೊಂಡು 1961ರ ಮೇವರೆಗೆ ದುಡಿದು ನಿವೃತ್ತರಾದರು. ಮರುವರ್ಷ ಅಕ್ಟೋಬರಿನಲ್ಲಿ ಚೀನಾ ನುಗ್ಗಿತು, ಮೆನನ್ ಕುರ್ಚಿ ಹೋಯಿತು.

1964ರಲ್ಲಿ ವಿಶ್ವಸಂಸ್ಥೆ ಕರೆಯಿತೆಂದು ಸೈಪ್ರಸ್‌ಗೆ ಹೊರಟರು. ಗ್ರೀಕರೂ ತುರ್ಕರೂ ಕಚ್ಚಾಡುತ್ತಿದ್ದ ದ್ವೀಪ. ಅಲ್ಲೇ 1965ರ ಡಿಸೆಂಬರ್ 18ರಂದು ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು ಐವತ್ತೊಂಬತ್ತು ಅಷ್ಟೇ. ಮರುವರ್ಷವೇ ಸೈಪ್ರಸ್ ಸರ್ಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು.

ಹೊರದೇಶದವರಿಗೆ ಒಂದು ವರ್ಷ ಸಾಕಾಯಿತು. ಮಡಿಕೇರಿಯ ಮನೆಗೆ ಮಾತ್ರ ಅರ್ಧ ಶತಮಾನಕ್ಕೂ ಮಿಕ್ಕಿ ಹಿಡಿಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ‘ಸನ್ನಿ ಸೈಡ್’ ಅನ್ನು ಜನರಲ್ ತಿಮ್ಮಯ್ಯ ಮ್ಯೂಸಿಯಮ್ ಎಂದು ಉದ್ಘಾಟಿಸಿದರು. ಲೈಸೆನ್ಸಿಗೆ ಅಲೆದಿದ್ದವರು ಈಗ ಮೊಮ್ಮಕ್ಕಳ ಕೈಹಿಡಿದು ಅಲ್ಲಿಗೇ ಹೋಗಬಹುದು.