ಕಿಟ್ಟೆಲ್ಲರ ಜಾಡು

ಶಿವಮೊಗ್ಗೆಯ ತರಗತಿಯಲ್ಲಿ ಅರಿಸಮಾಸವನ್ನು ಪಾಠಹೇಳುತ್ತಿದ್ದೆ. ಭದ್ರಾವತಿಯಿಂದ ಬರುವ ವಿದ್ಯಾರ್ಥಿಯೊಬ್ಬನಿಗೆ ಸಂಶಯ ಹುಟ್ಟಿತು: ಗ್ರೀಕಿನ ತಲೆಯೂ ಲ್ಯಾಟಿನ್ನಿನ ಮೈಯೂ ಉಳ್ಳ ಟೆಲಿವಿಷನ್ ಎಂಬ ಇಂಗ್ಲಿಷ್ ಪದವನ್ನು ಅಚ್ಚ ಲ್ಯಾಟಿನ್ನಿಗೆ ತರುವುದೆಂತು? ನನಗೆ ನೆನಪಾದವರು ಕಿಟ್ಟೆಲ್.

1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕನ್ನಡನಾಡಿಗೆ ಬಂದರು. ಅರಿಸಮಾಸಕ್ಕೆ ಲಕ್ಷಣ ಬರೆದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿದರು. ಹದಿನೇಳುನೂರು ಪುಟಗಳಿಗೆ ಮಿಕ್ಕ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಗಿಡಮರಗಳಿಗೆ ಅವರು ಲ್ಯಾಟಿನ್ ಹೆಸರನ್ನೇ ಕೊಟ್ಟರು. ಪದವನ್ನು ಸೀಳಿ ಅನುವಾದಿಸಲಿಲ್ಲ, ವಸ್ತುವನ್ನು ಗುರುತಿಸಿದರು. ಆ ವಿವೇಕ ದೊಡ್ಡದು. 1903ರಲ್ಲಿ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ತ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಹುಡುಗನಿಗೆ ನಮ್ಮ ಮಲೆನಾಡಿನ ಹೊನ್ನೆಯನ್ನು ತೋರಿಸಿದೆ. ಅದರ ಶಾಸ್ತ್ರೀಯ ನಾಮ ಟೆರೊಕಾರ್ಪಸ್ ಮಾರ್ಸುಪಿಯಂ. ಅಲ್ಲಿ ಹೊನ್ನಿಲ್ಲ, ರೆಕ್ಕೆಯ ಕಾಯಿ ಉಂಟು. ಮರ ಮಾತ್ರ ಅದೇ.